ಅವಳ ಇನ್‌ಲ್ಯಾಂಡ್ ಪತ್ರ

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. ದೂರವಾದ ಹುಡುಗಿಯನ್ನು ಹತ್ತು ವರ್ಷದ ಮೇಲೆ ನೆನೆಯುವ ಕಥೆ. ಭಾಷೆ ಚೆನ್ನಾಗಿದೆ. ಆದರೆ ಅವಳು ಮಾತ್ರ ನನಗೆ ಸಿಗಲಿಲ್ಲ. ಅವಳ ಕಣ್ಣಿದೆ, ನಗುವಿದೆ, ನಿನ್ನ ನೋವಂತೂ ಬೇಕಾದಷ್ಟಿದೆ. ಆ ದಿನಗಳಲ್ಲಿ ಅವಳಿಗೆ ಏನು ಕಷ್ಟವಿತ್ತು? ಮನೆಯಲ್ಲಿ ಯಾರ ಭಯವಿತ್ತು? ಒಂದು ಸಾಲೂ ಇಲ್ಲ.

ನಾನೂ ನಲವತ್ತು ವರ್ಷ ಹೀಗೇ ಬರೆದವನು. ಅದನ್ನೇ ಹೇಳೋಣ ಅಂತ ಕೂತಿದ್ದೇನೆ.

1984ರಲ್ಲಿ ನಾನು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಲ್ಲಿದ್ದೆ. ನಾನು ಪ್ರೀತಿಸಿದ ಹುಡುಗಿಯ ಊರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಆ ಕಡೆಯವರಿಗೆ ಸಾಗರಕ್ಕೆ ಹತ್ತಿರದ ದಾರಿ ಅಂದರೆ ಲಾಂಚು. ಹೊಳೆಬಾಗಿಲಿನಲ್ಲಿ ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿಯೆಲ್ಲ ಈಚೆ ದಡದಲ್ಲೇ. ಅದಕ್ಕೇ ಮಾತು ಅರ್ಧ ಆಗಿರುವಾಗಲೇ ಅವಳು ಬಸ್ಸಿಗೆ ಅಂತ ಎದ್ದುಬಿಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅವಳಿಗೆ ಬೇರೆ ಕಡೆ ಮದುವೆಯಾಯಿತು. ನನ್ನ ಕಥೆಗಳಲ್ಲೆಲ್ಲ ಅವಳು ಎದ್ದು ಹೋಗುವವಳೇ ಆದಳು.

2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಸುಮಾರು 2.4 ಕಿ.ಮೀ. ಉದ್ದ. ನೋಡಲು ಹೋಗಿದ್ದೆ. ಅಷ್ಟು ಕಾಯಿಸುತ್ತಿದ್ದ ನೀರನ್ನು ಬಸ್ಸು ಕೆಲವೇ ನಿಮಿಷದಲ್ಲಿ ದಾಟಿಬಿಟ್ಟಿತು. ಕಿಟಕಿ ಪಕ್ಕ ಕೂತಿದ್ದ ನನಗೆ ಕಣ್ಣು ತುಂಬಿ ಬಂತು.

ಮನೆಗೆ ಬಂದವನೇ ಟ್ರಂಕಿನ ತಳದಿಂದ ಅವಳ ಕೊನೆಯ ಇನ್‌ಲ್ಯಾಂಡ್ ಪತ್ರ ತೆಗೆದೆ. ಮಡಿಕೆಯಲ್ಲೆಲ್ಲ ಹರಿದಿತ್ತು. 'ಇನ್ನು ಬರಬೇಡಿ' ಅಂತ ಬರೆದಿದ್ದಳು ಅನ್ನುವುದೇ ನನ್ನ ನೆನಪು. ಆ ಮಾತು ಅದರಲ್ಲಿ ಇರಲೇ ಇಲ್ಲ, ತಮ್ಮಾ. ಅಮ್ಮನಿಗೆ ಹುಷಾರಿಲ್ಲ, ಅಡಿಕೆ ಸುಲಿಯುವುದು ಇನ್ನೂ ಮುಗಿದಿಲ್ಲ, ಗಂಡಿನ ಕಡೆಯವರು ಬರುತ್ತಾರಂತೆ, ನೀವೇ ಬಂದು ಅಪ್ಪನ ಹತ್ತಿರ ಮಾತಾಡುತ್ತೀರಾ? ಅಂಟು ಹಚ್ಚುವ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಮತ್ತೆ, 'ಯಾವಾಗ ಬರ್ತೀರಿ?'

ನಾನು ಹೋಗಲಿಲ್ಲ. ಅವಳಪ್ಪನಿಗೆ ಹೆದರಿದ್ದೆ. ಅಷ್ಟೇ.

ನೆನಪು ಯಾವಾಗಲೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದರ ಮಾತನ್ನು ಪೂರ್ತಿ ನಂಬಬೇಡ. ನಿನ್ನ ಹತ್ತಿರ ಹಳೆಯ ಮೆಸೇಜುಗಳಿದ್ದರೆ ತೆಗೆದು ಓದು. ಎದೆ ಹಿಂಡುತ್ತದೆ, ಆದರೂ ಓದು. ಆಮೇಲೆ ಆ ಕೊನೆಯ ಭೇಟಿಯನ್ನು ಒಂದು ಸಲ ಅವಳ ಬಾಯಲ್ಲಿ ಬರೆದು ನೋಡು. ಅಚ್ಚಿಗೆ ಬೇಡ, ಸುಮ್ನೆ ನಿನಗೋಸ್ಕರ. ಅವಳ ಊರು, ಗುರುತು ಬದಲಿಸು. ಕಥೆಗೋಸ್ಕರ ಅವಳಿಗೆ ಫೋನು ಮಾತ್ರ ಮಾಡಬೇಡ. ಅವಳ ಬದುಕು ಈಗ ಬೇರೆ, ಅಲ್ವಾ?

ಇನ್ನೊಂದು. ನಿನ್ನ ಕಥೆಯ ಹುಡುಗಿಗೆ ಇನ್ನೂ ಇಪ್ಪತ್ತೆರಡೇ ವರ್ಷ. ನೀನು ಮಾತ್ರ ದೊಡ್ಡವನಾಗಿದ್ದೀಯ. ಅವಳಿಗೂ ವಯಸ್ಸಾಗಲಿ ಬಿಡು.

ನಾನೂ ಮತ್ತೆ ಬರೆಯಲು ಕೂತಿದ್ದೇನೆ. ಈ ಸಲ ಅವಳು ಆಚೆ ದಡದಲ್ಲಿ ನಿಂತು ಲಾಂಚಿನಿಂದ ಇಳಿಯುವವರನ್ನು ಒಬ್ಬೊಬ್ಬರನ್ನೇ ನೋಡುತ್ತಿದ್ದಾಳೆ. ಎರಡು ಪುಟ ಆಗಿದೆ. ನಿನ್ನದು ತಿದ್ದಿ ಕಳಿಸು.

ನಿನ್ನ,
ಅಣ್ಣ