ಕಾಟಿಗೆ 480 ಕೆಜಿ, ಕಾಡುಕುರಿಗೆ 58: ಈ ಲೆಕ್ಕ ಸರಿಮಾಡಿ

ಇವರಿಗೆ,
ಗ್ರಾಹಕ ಸೇವಾ ವಿಭಾಗ,
ಶಿಕಾರಿ ಆಟ ತಯಾರಿಸಿದ ಕಂಪನಿ, ಬೆಂಗಳೂರು

ಇವರಿಂದ,
ನಿಮ್ಮ ಒಬ್ಬ ಗ್ರಾಹಕ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ

ವಿಷಯ: ಪಶ್ಚಿಮ ಘಟ್ಟದ ಮ್ಯಾಪ್‌ನಲ್ಲಿ ಪ್ರಾಣಿಗಳ ತೂಕ ಮತ್ತು ಸೈಜ್ ಕ್ಲಾಸ್ ತಪ್ಪಾಗಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಶಿಕಾರಿ ವಿಡಿಯೋ ಗೇಮ್‌ನ ಪಶ್ಚಿಮ ಘಟ್ಟದ ಮ್ಯಾಪನ್ನು, ಅಂದರೆ ಆಟ ನಡೆಯುವ ಕಾಡನ್ನು, 799 ರೂಪಾಯಿ ಕೊಟ್ಟು ತಗೊಂಡಿದ್ದೇನೆ. ಕಾಡು ಚೆನ್ನಾಗಿ ಮಾಡಿದ್ದೀರಿ. ಮಳೆ ನಿಂತ ಮೇಲೂ ಮರದಿಂದ ಹನಿ ಬೀಳುವ ಸದ್ದು ಇದೆ, ಸಂತೋಷ. ನನ್ನ ತಕರಾರು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ 'ನಿಜವಾದ ತೂಕ, ನಿಜವಾದ ಗಾತ್ರ' ಅನ್ನೋ ಮಾತಿನ ಬಗ್ಗೆ. ಆ ಮಾತು ನಂಬಿಯೇ ನಾನು ದುಡ್ಡು ಕೊಟ್ಟಿದ್ದು.

ಮೊದಲು ಕಾಟಿ, ಅಂದರೆ ಕಾಡುಕೋಣದ ವಿಚಾರ. ಆಟದಲ್ಲಿ ಗಂಡು ಕಾಟಿಯ ತೂಕ 380ರಿಂದ 520 ಕೆಜಿ. ನನಗೆ ಸಿಕ್ಕಿದ 'ಚಾಂಪಿಯನ್' ಕಾಟಿ 480 ಕೆಜಿ ತೋರಿಸಿತು. ಬೆಳೆದ ಗಂಡು ಕಾಟಿ 600 ಕೆಜಿಯಿಂದ ಸಾವಿರದವರೆಗೂ ತೂಗುತ್ತದೆ ಸ್ವಾಮಿ. ನಿಮ್ಮ ಚಾಂಪಿಯನ್ ನಮ್ಮ ಕಡೆಯ ಹೆಣ್ಣು ಕಾಟಿಗಳ ಸಾಲಿನಲ್ಲಿ ನಿಲ್ಲಬೇಕು. ತೂಕ ಬಿಡಿ, ಎತ್ತರ ನೋಡಿ. ನಿಮ್ಮ ಮ್ಯಾಪ್‌ನಲ್ಲೇ ಒಂದು ಕಾಫಿ ತೋಟ ಇದೆ ಅಲ್ವಾ? ಆಟದಲ್ಲಿ ಅದರೊಳಗೆ ಕಾಟಿ ಇಳಿದರೆ ಕೊಂಬಿನ ತುದಿ ಬಿಟ್ಟು ಏನೂ ಕಾಣುವುದಿಲ್ಲ. ಅರೇಬಿಕಾ ಗಿಡದ ನೆತ್ತಿಯನ್ನು ನಾವು ಐದಡಿ ಆಸುಪಾಸಿನಲ್ಲೇ ಮುರಿದು ನಿಲ್ಲಿಸುತ್ತೇವೆ. ದೊಡ್ಡ ಗಂಡು ಕಾಟಿ ಭುಜದ ಹತ್ತಿರವೇ ಐದೂವರೆ, ಆರಡಿ ಇರುತ್ತದೆ. ತೋಟಕ್ಕೆ ಬಂದರೆ ಗಿಡದ ಸಾಲಿನ ಮೇಲೆ ಕಪ್ಪು ಬೆನ್ನು ಸರಿಯುತ್ತಾ ಹೋಗುವುದು ರಸ್ತೆಯಿಂದಲೇ ಕಾಣುತ್ತದೆ. ಕಾಣದೇ ಇರುವುದು ಕಾಲಿನ ಬಿಳಿ ಭಾಗ. ಅದನ್ನು ನೋಡಬೇಕಾದರೆ ಅದು ಗಿಡಗಳಿಂದ ಆಚೆ ಬರಬೇಕು.

ಕಾಡುಕುರಿಯಲ್ಲಿ, ಅಂದರೆ ಬೊಗಳುವ ಸಣ್ಣ ಜಿಂಕೆಯಲ್ಲಿ, ತಪ್ಪು ಉಲ್ಟಾ ಆಗಿದೆ. ಅದು 20ರಿಂದ 28 ಕೆಜಿ ಆಸುಪಾಸಿನ ಪ್ರಾಣಿ. ಎತ್ತರ ಎರಡಡಿ, ಅಷ್ಟೇ. ನಿಮ್ಮ ಆಟದಲ್ಲಿ 58 ಕೆಜಿ! ಒಂದು ಮೂಟೆ ಕಾಫಿಗಿಂತ ಜಾಸ್ತಿ. ಕಾಟಿಯನ್ನು ಅರ್ಧ ಮಾಡಿ ಕಾಡುಕುರಿಯನ್ನು ಎರಡರಷ್ಟು ಮಾಡಿದರೆ ಅದನ್ನು ಯಾವ ಲೆಕ್ಕ ಅನ್ನೋಣ?

ಸುಮ್ನೆ ಅಂಕಿ ತಪ್ಪಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ನಿಮ್ಮ ಆಟದಲ್ಲಿ ತೂಕದ ಮೇಲೆ ಸೈಜ್ ಕ್ಲಾಸ್ ನಿಂತಿದೆ, ಕ್ಲಾಸ್ ಮೇಲೆ ಯಾವ ಕೋವಿ ನಡೆಯುತ್ತದೆ ಅನ್ನೋದು ನಿಂತಿದೆ. ಕಾಟಿಯನ್ನು 500 ಕೆಜಿಗೆ ಇಳಿಸಿದ್ದರಿಂದ ಅದು ಕಡವೆ ಜೊತೆ 'ದೊಡ್ಡದು' ಕ್ಲಾಸ್‌ಗೆ ಬಿತ್ತು. ಕಡವೆಗೆ ಹಾಕುವ ಗುಂಡಿಗೇ ಕಾಟಿ ಕುಸಿಯುತ್ತದೆ. ಅದೇ ಆಟದ ಆಫ್ರಿಕಾ ಮ್ಯಾಪ್‌ನಲ್ಲಿ ಕೇಪ್ ಬಫೆಲೊಗೆ 'ಭಾರಿ' ಕ್ಲಾಸ್ ಕೊಟ್ಟು, .375 ಇಂಚು ಕ್ಯಾಲಿಬರ್‌ಗಿಂತ (ನಳಿಕೆಯ ಅಳತೆ) ಸಣ್ಣ ಕೋವಿ ನಡೆಯದಂತೆ ಮಾಡಿದ್ದೀರಿ. ಅದು ಸರಿಯಾಗಿದೆ. ಆಫ್ರಿಕಾದ ಹಲವು ದೇಶಗಳಲ್ಲಿ ನಿಯಮವೇ ಹಾಗಿದೆ. ಆದರೆ ಕೇಪ್ ಬಫೆಲೊಗಿಂತ ನಮ್ಮ ಕಾಟಿ ದೊಡ್ಡದು. ಆಫ್ರಿಕಾಕ್ಕೆ ಒಂದು ನ್ಯಾಯ, ಘಟ್ಟಕ್ಕೆ ಇನ್ನೊಂದು ನ್ಯಾಯ ಯಾಕೆ?

ಇನ್ನು ಹೊಡೆದರೆ ಪದಕ ಸಿಗುವ ದೊಡ್ಡ ಜಿಂಕೆಗಳು. ಚಿನ್ನದ ಪದಕದ ಚುಕ್ಕೆ ಜಿಂಕೆಯನ್ನು ಮಾಮೂಲಿ ಜಿಂಕೆ ಪಕ್ಕ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅಳೆದೆ. ಎತ್ತರ, ಉದ್ದ, ಅಗಲ ಎಲ್ಲವನ್ನೂ 20 ಪರ್ಸೆಂಟ್ ಹಿಗ್ಗಿಸಿದ್ದೀರಿ. ತೂಕವನ್ನೂ 20 ಪರ್ಸೆಂಟ್ ಏರಿಸಿ, 80 ಇದ್ದದ್ದನ್ನು 96 ಮಾಡಿದ್ದೀರಿ. ಲೆಕ್ಕ ಹಾಗಲ್ಲ. ಮೂರೂ ಕಡೆ ಹಿಗ್ಗಿದರೆ 1.2ನ್ನು ಮೂರು ಸಲ ಗುಣಿಸಬೇಕು. ತೂಕ 73 ಪರ್ಸೆಂಟ್ ಏರಿ 138 ಕೆಜಿ ಆಗಬೇಕು. ಅಷ್ಟು ತೂಗುವ ಚುಕ್ಕೆ ಜಿಂಕೆ ಎಲ್ಲಿದೆ? ಬೆಳೆದ ಗಂಡು 70ರಿಂದ 90 ಕೆಜಿ ಇರುತ್ತದೆ. ಅಂದರೆ ತಪ್ಪಾಗಿರುವುದು ನೀವು ಹಿಗ್ಗಿಸಿದ ಅಳತೆಯೇ. ಐದು ಪರ್ಸೆಂಟ್ ದೊಡ್ಡದು ಮಾಡಿದರೆ ತೂಕ ಸುಮಾರು 16 ಪರ್ಸೆಂಟ್ ಏರಿ 92, 93 ಕೆಜಿಗೆ ಬರುತ್ತದೆ. ಅಷ್ಟು ಸಾಕು. ಕಾಡಿನಲ್ಲಿ ದೊಡ್ಡ ಪ್ರಾಣಿಗೂ ಮಾಮೂಲಿ ಪ್ರಾಣಿಗೂ ವ್ಯತ್ಯಾಸ ಹೀಗೆ ಸಣ್ಣದಾಗೇ ಇರುತ್ತದೆ. ಅದನ್ನು ಗುರುತಿಸುವುದರಲ್ಲೇ ಆಟದ ಮಜಾ ಇರೋದು.

ಹೆಣ್ಣು ಕಡವೆಗೂ ಗಂಡು ಕಡವೆಗೂ ಒಂದೇ ತೂಕದ ಪಟ್ಟಿ ಹಾಕಿದ್ದೀರಿ. ವಯಸ್ಸಿಗೆ ಲೆಕ್ಕವೇ ಇಲ್ಲ. ಬೆದೆಯ ಕಾಲದಲ್ಲಿ ಗಂಡು ಮೇವು ಬಿಟ್ಟು ಸೊರಗುತ್ತದೆ, ಅದೂ ಇಲ್ಲ. ತೀರಾ ಸಣ್ಣದು, ತೀರಾ ದೊಡ್ಡದು, ಮಧ್ಯಮ ಎಲ್ಲವೂ ಒಂದೇ ಪ್ರಮಾಣದಲ್ಲಿ ಸಿಗುತ್ತವೆ. ಹೆಚ್ಚಿನವು ಮಧ್ಯಮ ಇದ್ದು ದೊಡ್ಡದು ಅಪರೂಪಕ್ಕೆ ಸಿಗಬೇಕು ಅಲ್ವಾ?

ಇದನ್ನೆಲ್ಲ ಚಾಟ್‌ನಲ್ಲಿ ಹೇಳಿದಾಗ ನಿಮ್ಮವರು ಕೊಟ್ಟ ಉತ್ತರ: 'ಬಿಸಿ ಪ್ರದೇಶದ ಪ್ರಾಣಿಗಳು ಸಣ್ಣದಿರುತ್ತವೆ ಸರ್, ಅದು ವಿಜ್ಞಾನ.' ಅವರು ಹೇಳಿದ್ದು 1847ರಲ್ಲಿ ಬರ್ಗ್‌ಮನ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ ನಿಯಮ. ನಿಯಮ ಸುಳ್ಳಲ್ಲ. ಅಮೆರಿಕದ ಬಿಳಿಬಾಲದ ಜಿಂಕೆ ಉತ್ತರದ ಚಳಿಯಲ್ಲಿ 130 ಕೆಜಿ ದಾಟುವುದುಂಟು, ಫ್ಲಾರಿಡಾದ ಕೀ ದ್ವೀಪಗಳಲ್ಲಿ ಅದೇ ಜಾತಿಯ ಗಂಡು 35 ಕೆಜಿ ಒಳಗೇ ಇರುತ್ತದೆ. ಆದರೆ ಆ ನಿಯಮ ಒಂದೇ ಜಾತಿಯನ್ನೋ ಹತ್ತಿರದ ನೆಂಟ ಜಾತಿಗಳನ್ನೋ ಹೋಲಿಸುವುದಕ್ಕೆ. ಘಟ್ಟ ಬಿಸಿ ಅಂತ ಕಾಟಿಯನ್ನು ಕುಗ್ಗಿಸುವುದಕ್ಕಲ್ಲ. ಬಿಸಿ ಪ್ರದೇಶ ಅಂತಾದರೆ ಕಾಡುಕುರಿ ಯಾಕೆ ಊದಿಕೊಂಡಿತು ಅಂತ ಕೇಳಿದೆ. ಚಾಟ್ ಅಲ್ಲಿಗೇ ಮುಚ್ಚಿದರು.

ನಿಮ್ಮ ಮಾಹಿತಿ ಪುಟದಲ್ಲಿ ಆನೆಗೆ 8 ಟನ್ ಅಂತ ಬರೆದಿದೆ. ಗುಂಡು ಹೊಡೆಯಲು ಬಿಡದಿದ್ದದ್ದು ಒಳ್ಳೇದೇ ಆಯ್ತು. ಆದರೆ ಏಷ್ಯಾದ ಗಂಡಾನೆ ಸರಾಸರಿ 4 ಟನ್ ಇರುತ್ತದೆ. ಮೈಸೂರಿನಲ್ಲಿ ದಸರಾ ಆನೆಗಳನ್ನು ವರ್ಷಾವರ್ಷ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ, ಪೇಪರಿನಲ್ಲೂ ಬರುತ್ತದೆ. 750 ಕೆಜಿ ಅಂಬಾರಿ ಹೊತ್ತಿದ್ದ ಅರ್ಜುನ, 2023ರ ಡಿಸೆಂಬರ್‌ನಲ್ಲಿ ನಮ್ಮ ಯಸಳೂರು ಕಾಡಲ್ಲೇ ತೀರಿಹೋದವನು, ಐದೂವರೆ ಟನ್ ದಾಟಿದ್ದ. ಅಂಥವನೇ ಎಂಟು ಟನ್ ಇರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ, ಅದು ಹಾಗೇ ಇರಲಿ. ಪರದೆ ಮೇಲೆ ಮಾತ್ರ ಕೋವಿ ಹಿಡಿಯುವವನಿಗೆ ಪ್ರಾಣಿಯಾದರೂ ಸರಿಯಾಗಿರಲಿ ಅನ್ನೋದು ಅತಿಯಾಸೆ ಅಲ್ಲ.

ಮುಂದಿನ ಅಪ್‌ಡೇಟ್‌ನಲ್ಲಿ ಕಾಟಿಯನ್ನು 'ಭಾರಿ' ಕ್ಲಾಸ್‌ಗೆ ಹಾಕಿ, ಕಾಡುಕುರಿಯನ್ನು 'ಸಣ್ಣದು' ಕ್ಲಾಸ್‌ಗೆ ಇಳಿಸಿ. ಗಂಡು, ಹೆಣ್ಣು, ವಯಸ್ಸಿಗೆ ಬೇರೆ ಬೇರೆ ತೂಕ ಕೊಡಿ. ತೋರಿಸುವ ತೂಕ ಇಡೀ ಪ್ರಾಣಿಯದೋ ಕರುಳು ತೆಗೆದ ಮೇಲಿನದೋ ಅಂತಲೂ ಬರೆಯಿರಿ, ಎರಡಕ್ಕೂ ಸುಮಾರು ಕಾಲು ಭಾಗದಷ್ಟು ವ್ಯತ್ಯಾಸ ಬರುತ್ತದೆ. ಇದು ಆಗುವುದಿಲ್ಲ ಅಂತಾದರೆ ಜಾಹೀರಾತಿನಿಂದ ಆ ಸಾಲು ತೆಗೆದು ನನ್ನ 799 ರೂಪಾಯಿ ವಾಪಸ್ ಹಾಕಿ. ಸ್ಕ್ರೀನ್‌ಶಾಟ್‌ಗಳನ್ನೂ ಹಣ ಕಟ್ಟಿದ ರಸೀದಿಯನ್ನೂ ಲಗತ್ತಿಸಿದ್ದೇನೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಹಾಸನದ ಗ್ರಾಹಕರ ಆಯೋಗಕ್ಕೆ ಇದೇ ಪತ್ರ ಕೊಡುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ಗ್ರಾಹಕ