'ಎಲ್ಲರಿಗೂ ಸ್ವಾಗತ' ಅಂತ ಬರೆದ್ರೆ ಸಾಕಾ?

ಸಂಪಾದಕರೇ,

ದೊಡ್ಡ ದೊಡ್ಡ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ, ಯಾರು ಬೇಕಾದ್ರೂ ತಿದ್ದಬಹುದಾದ) ಪ್ರಾಜೆಕ್ಟ್‌ಗಳ ಮುಖಪುಟದಲ್ಲಿ 'ಎಲ್ಲರಿಗೂ ಸ್ವಾಗತ' ಅನ್ನೋ ಸಾಲು ಇದ್ದೇ ಇರುತ್ತೆ, ಆದ್ರೆ ಒಳಗೆ ಹೋಗಿ ನೋಡಿದ್ರೆ ಬಹುಪಾಲು ಒಂದೇ ಥರದ ಜನ. ಇಂಥ ಕೋಡ್ ಇಡೋ ತಾಣವಾದ ಗಿಟ್‌ಹಬ್ 2017ರಲ್ಲಿ ಮಾಡಿದ ಸರ್ವೇಲಿ ಉತ್ತರ ಕೊಟ್ಟೋರಲ್ಲಿ ಶೇ. 95 ಗಂಡಸರು, ಹೆಂಗಸರು ಶೇ. 3 ಮಾತ್ರ. 'ಅವರಿಗೆ ಆಸಕ್ತಿ ಇಲ್ಲ ಬಿಡಿ' ಅಂತ ಷರಾ ಬರೆದು ಕೈ ತೊಳ್ಕೊಳ್ಳೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಬ್ರೌಸರ್, ಕಂಪೈಲರ್ (ಕೋಡನ್ನ ಕಂಪ್ಯೂಟರ್ ಭಾಷೆಗೆ ತಿರುಗಿಸೋದು), ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಂದ್ರೆ ಕೋಡ್ ಕಷ್ಟ ಇರೋದೇ, ಅದನ್ನ ಸುಲಭ ಮಾಡ್ಕೊಡಿ ಅಂತ ಯಾರೂ ಕೇಳ್ತಿಲ್ಲ. ಕೋಡ್ ಮುಟ್ಟೋಕೆ ಮುಂಚೇನೇ ಜನ ಸುಸ್ತಾಗ್ತಾರಲ್ಲ, ಅದನ್ನ ಸರಿ ಮಾಡ್ಬಹುದು. ಲಿನಕ್ಸ್ ಕರ್ನಲ್‌ಗೆ ಇವತ್ತಿಗೂ ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಕಳಿಸೋದು ಇಮೇಲ್‌ನಲ್ಲೇ, ಅದೂ ಬರೀ ಪ್ಲೇನ್ ಟೆಕ್ಸ್ಟ್, ಬಣ್ಣ, ಅಲಂಕಾರ ಇರೋ ಎಚ್‌ಟಿಎಂಎಲ್ ಮೇಲ್ ಹೋದ್ರೆ ಮೇಲಿಂಗ್ ಲಿಸ್ಟ್ ವಾಪಸ್ ಎಸೆಯುತ್ತೆ, ಯಾರಿಗೆ ಕಳಿಸ್ಬೇಕು ಅಂತ ಹುಡುಕೋಕೇ ಬೇರೆ ಸ್ಕ್ರಿಪ್ಟ್ ಇದೆ. ಹಳಬರಿಗೆ ಇದು ನಿಜವಾಗ್ಲೂ ಅನುಕೂಲ, ಇಲ್ಲ ಅನ್ನಲ್ಲ. ಆದ್ರೆ ಹೊಸಬರಿಗೆ ಕೈ ಹಿಡಿದು ಹೇಳ್ಕೊಡೋರು ಪಕ್ಕದಲ್ಲಿ ಇಲ್ದಿದ್ರೆ ಮೊದಲ ಮೇಲ್‌ಗೇ ಆಟ ಮುಗೀತು. ಫೈರ್‌ಫಾಕ್ಸ್ ಬ್ರೌಸರ್‌ನೋರು ಇಲ್ಲೊಂದು ಜಾಣತನ ಮಾಡಿದ್ರು: ಆರ್ಟಿಫ್ಯಾಕ್ಟ್ ಬಿಲ್ಡ್ ಅಂತ ಇದೆ, ಅದ್ರಲ್ಲಿ ಸಿ ಪ್ಲಸ್ ಪ್ಲಸ್, ರಸ್ಟ್ ಭಾಗ ಎಲ್ಲ ಮೊದಲೇ ಕಂಪೈಲ್ ಆಗಿರೋದು ಡೌನ್‌ಲೋಡ್ ಆಗುತ್ತೆ, ನೀವು ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ತಿದ್ದಿ ನೋಡ್ಕೊಂಡ್ರೆ ಆಯ್ತು. ಹಳೇ ಲ್ಯಾಪ್‌ಟಾಪ್ ಇಟ್ಕೊಂಡೋರೂ ಮೆನು ಬಟನ್ ಒಂದನ್ನ ಅದೇ ದಿನ ಸರಿ ಮಾಡ್ಬಹುದು.

ಇನ್ನೊಂದು, ದುಡ್ಡಿನ ಮಾತು. ಪುಕ್ಕಟೆ ಕೆಲಸ ಮಾಡೋಕೆ ರಾತ್ರಿ ಮೂರು ತಾಸು ಬಿಡುವು ಯಾರಿಗಿರುತ್ತೆ ಹೇಳಿ? ಮಕ್ಕಳನ್ನ ನೋಡ್ಕೊಳ್ಳೋರಿಗಾ, ಎರಡು ಕೆಲಸ ಮಾಡೋರಿಗಾ? 2006ರಲ್ಲಿ ಗ್ನೋಮ್ (ಲಿನಕ್ಸ್‌ನ ಡೆಸ್ಕ್‌ಟಾಪ್) ಪ್ರಾಜೆಕ್ಟ್‌ನಲ್ಲಿ ಹುಟ್ಟಿದ ಪ್ರಯತ್ನವೇ ಮುಂದೆ ಔಟ್‌ರೀಚಿ ಅನ್ನೋ ಕಾರ್ಯಕ್ರಮ ಆಯ್ತು, ಮೂರು ತಿಂಗಳ ಇಂಟರ್ನ್‌ಶಿಪ್‌ಗೆ 7000 ಡಾಲರ್ ಕೊಡ್ತಾರೆ, ಜೊತೆಗೆ ದಾರಿ ತೋರಿಸೋಕೆ ಒಬ್ಬ ಮೆಂಟರ್.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಈ ಮೆಂಟರೇ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿಸಿದ ಗೈಡೋ ವಾನ್ ರಾಸಮ್ 2015ರ ಪೈಕಾನ್ (ಪೈಥಾನ್ ಸಮ್ಮೇಳನ)ನಲ್ಲಿ, ಭಾಷೆಯ ಕೋಡ್ ನೋಡ್ಕೊಳ್ಳೋ ಕೋರ್ ಟೀಮ್‌ಗೆ ಹೆಂಗಸರು ಬರ್ಬೇಕು, ಬೇಕಾದ್ರೆ ನಾನೇ ಕೂತು ಕಲಿಸ್ತೀನಿ ಅಂತ ವೇದಿಕೆ ಮೇಲೇ ಹೇಳಿದ್ರು. ಗೈಡೋ ಅವರಿಂದ ಆ ಸಹಾಯ ತಗೊಂಡ ಮರಿಯಟ್ಟಾ ವಿಜಯಾ 2017ರಲ್ಲಿ ಪೈಥಾನ್‌ನ ಮೊದಲ ಮಹಿಳಾ ಕೋರ್ ಡೆವಲಪರ್ ಆದ್ರು. ಅಷ್ಟು ವರ್ಷ ಬಾಗಿಲು ತೆರೆದೇ ಇತ್ತಲ್ಲ, ಯಾರಾದ್ರೂ ಬಂದ್ರಾ? ಕರೆದು ಕೂರಿಸಿಕೊಂಡಾಗ ಬಂದ್ರು.

ಸುಲಭದ ಕೆಲಸಗಳಿಗೆ 'ಗುಡ್ ಫಸ್ಟ್ ಇಶ್ಯೂ' (ಹೊಸಬರು ಶುರು ಮಾಡೋಕೆ ಒಳ್ಳೇದು) ಅಂತ ಲೇಬಲ್ ಹಚ್ಚಿ ಸುಮ್ಮನಾಗೋ ಪ್ರಾಜೆಕ್ಟ್‌ಗಳಿಗೆ ಇದು ಅರ್ಥ ಆಗಲ್ಲ. ಹೊಸಬರು ಕಷ್ಟಪಟ್ಟು ಪ್ಯಾಚ್ ಕಳಿಸ್ತಾರೆ, ಒಂದು ತಿಂಗಳಾದ್ರೂ ಯಾರೂ ತಿರುಗಿ ನೋಡಲ್ಲ, ಕೊನೆಗೆ ಯಾವುದೋ ಬಾಟ್ ಬಂದು 'ಚಟುವಟಿಕೆ ಇಲ್ಲ' ಅಂತ ಮುಚ್ಚಿಹಾಕುತ್ತೆ. ಪ್ರಾಜೆಕ್ಟ್ ನೋಡ್ಕೊಳ್ಳೋ ಮೇಂಟೇನರ್‌ಗಳನ್ನ ಬೈದು ಪ್ರಯೋಜನ ಇಲ್ಲ, ಅವರೂ ಒಬ್ಬೊಬ್ರೇ ನಾಲ್ಕು ಜನರ ಕೆಲಸ ಎಳೀತಿದ್ದಾರೆ. ಈ ಸಾಫ್ಟ್‌ವೇರ್ ಮೇಲೇ ವ್ಯಾಪಾರ ಮಾಡೋ ಕಂಪನಿಗಳು ತಮ್ಮ ಇಂಜಿನಿಯರ್‌ಗಳಿಗೆ ವಾರಕ್ಕೆ ಅರ್ಧ ದಿನ ಬೇರೆಯವರ ಪ್ಯಾಚ್ ರಿವ್ಯೂ ಮಾಡೋಕೆ ಬಿಟ್ಟುಕೊಡಲಿ, ಅಪ್ರೈಸಲ್‌ನಲ್ಲಿ ಅದನ್ನೂ ಕೆಲಸ ಅಂತಲೇ ಲೆಕ್ಕ ಹಾಕಲಿ.

ಇಂತಿ,
ಒಬ್ಬ ಓದುಗ