ಪಾರ್ಟ್ನರ್ ಒಂದು ಸ್ಪೇಡ್ ಅಂದಾಗ

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ಬ್ರಿಡ್ಜ್ ಆಟಕ್ಕೆ ಅಂತ ನೀನು ಕಳಿಸಿದ ಕನ್ವೆನ್ಷನ್‌ಗಳ ಪಟ್ಟಿ (ಯಾವ ಕೂಗಿಗೆ ಏನು ಅರ್ಥ ಅಂತ ಜೋಡಿ ಮೊದಲೇ ಮಾಡಿಕೊಂಡ ಒಪ್ಪಂದಗಳು) ನೋಡಿದೆ. ಇಷ್ಟನ್ನೂ ಒಟ್ಟಿಗೇ ಆಡೋಕೆ ಹೊರಟಿದ್ದೀರಲ್ಲ, ಮುಕ್ಕಾಲು ಪಾಲು ಸದ್ಯಕ್ಕೆ ಬಿಟ್ಟುಬಿಡಿ. ಪಾರ್ಟ್ನರ್ ಒಂದು ಹಾರ್ಟ್ ಅಥವಾ ಒಂದು ಸ್ಪೇಡ್ ಕೂಗಿದರೆ ಉತ್ತರ ಏನು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ನೀವು ಆಡುವುದು ಐದೆಲೆ ಮೇಜರ್: ಹಾರ್ಟ್, ಸ್ಪೇಡ್ ಇವೆರಡೇ ಮೇಜರ್, ಅವುಗಳಿಂದ ಕೂಗು ಆರಂಭಿಸಿದರೆ ಆ ಬಣ್ಣದ ಐದೆಲೆಯಾದರೂ ಇರಬೇಕು. ನಿನ್ನ ಹತ್ತಿರ ಮೂರೇ ಎಲೆ ಇದ್ದರೂ ಎಂಟು ತುರುಪು ಸಿಕ್ಕ ಹಾಗಾಯಿತು. ಅದನ್ನು ಬೇಗ ಹೇಳಬೇಕು. 6ರಿಂದ 9 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1), ಮೂರು ತುರುಪು ಇದ್ದರೆ ಸುಮ್ನೆ ಅದೇ ಬಣ್ಣವನ್ನು ಎರಡಕ್ಕೆ ಏರಿಸು. ಇದರಲ್ಲಿ ಯಾವ ಜಾಣತನವೂ ಇಲ್ಲ ಅನ್ನಿಸಬಹುದು, ಆದರೆ ನಿನಗೆ ಜಾಸ್ತಿ ಬರುವ ಕೈ ಇಂಥದ್ದೇ.

ನಾಲ್ಕು ತುರುಪು, 13 ಅಥವಾ ಹೆಚ್ಚು ಪಾಯಿಂಟ್ ಇದ್ದರೆ ಜಾಕೋಬಿ ಎರಡು ನೋ ಟ್ರಂಪ್ (ಹೆಸರಿಗೆ ತುರುಪಿಲ್ಲದ ಆಟದ ಕೂಗು, ಇಲ್ಲಿ ಮಾತ್ರ ಪಾರ್ಟ್ನರ್ ಬಣ್ಣಕ್ಕೆ ಬಲವಾದ ಬೆಂಬಲ). ಆಸ್ವಾಲ್ಡ್ ಜಾಕೋಬಿ ಹೆಸರಿನ ಈ ಕೂಗು ಎಲ್ಲರಿಗೂ ಗೊತ್ತು. ಅದರ ಮುಂದಿನ ಉತ್ತರಗಳನ್ನು ಮಾತ್ರ ಅರ್ಧಂಬರ್ಧ ಕಲಿತಿರುತ್ತಾರೆ. ಆರಂಭಿಸಿದವರು ಮೂರರ ಹಂತದಲ್ಲಿ (ಆರರ ಮೇಲೆ ಮೂರು, ಅಂದರೆ ಒಂಬತ್ತು ಟ್ರಿಕ್ ಅಥವಾ ಸುತ್ತು ಗೆಲ್ಲುವ ಪಣ) ಹೊಸ ಬಣ್ಣ ಕೂಗಿದರೆ ಅಲ್ಲಿ ಒಂಟಿ ಎಲೆ, ಇಲ್ಲವೇ ಒಂದೂ ಇಲ್ಲ. ನಾಲ್ಕರ ಹಂತದಲ್ಲಿ ಹೊಸ ಬಣ್ಣ ಅಂದರೆ ಅಲ್ಲಿ ಒಳ್ಳೆಯ ಐದೆಲೆ. ನೇರವಾಗಿ ನಾಲ್ಕು ಮೇಜರ್ ಅಂದರೆ ಕೈ ಬಡವಾಗಿದೆ. ಮೂರು ಮೇಜರ್ ಅಂದರೆ ಬಲವಾಗಿದೆ, ಸ್ಲ್ಯಾಮ್ (ಹದಿಮೂರರಲ್ಲಿ ಹನ್ನೆರಡು ಟ್ರಿಕ್ಕಾದರೂ ಗೆಲ್ಲುವ ಪಣ) ನೋಡೋಣ ಅಂತ. ಕೆಳಗಿನ ಕೂಗೇ ಹೆಚ್ಚು ಬಲದ್ದು ಯಾಕೆ ಗೊತ್ತಾ? ಬಲ ಇದ್ದಾಗಲೇ ಮಾತಾಡಲು ಜಾಗ ಬೇಕು.

ನನಗೆ ತುಂಬ ಇಷ್ಟವಾದದ್ದು ಸ್ಪ್ಲಿಂಟರ್. ಒಂದು ಸ್ಪೇಡಿಗೆ ನೀನು ನಾಲ್ಕು ಕ್ಲಬ್ ಅಂದರೆ ನಾಲ್ಕು ತುರುಪು ಇದೆ, ಗೇಮಿಗೆ (ಇಲ್ಲಿ ನಾಲ್ಕು ಸ್ಪೇಡ್) ಸಾಕಾಗುವಷ್ಟು ಬಲ ಇದೆ, ಕ್ಲಬ್ಬಿನಲ್ಲಿ ಹೆಚ್ಚೆಂದರೆ ಒಂದೆಲೆ. ನಿನ್ನ ಕೈ ಹೀಗಿದೆ ಅಂದುಕೋ: ಸ್ಪೇಡ್ ರಾಜ, ಗುಲಾಮ, 7, 3, ಹಾರ್ಟ್ ಎಕ್ಕ, 8, 5, 2, ಡೈಮಂಡ್ ರಾಜ, 9, 6, 4, ಕ್ಲಬ್ 5. ಬರೀ 11 ಪಾಯಿಂಟ್.

ಪಾರ್ಟ್ನರ್ ಹತ್ತಿರ ಸ್ಪೇಡ್ ಎಕ್ಕ, ರಾಣಿ, 9, 6, 4. ಹಾರ್ಟ್ ರಾಜ, 6. ಡೈಮಂಡ್ ಎಕ್ಕ, ರಾಣಿ, 2. ಕ್ಲಬ್ 8, 6, 3 ಇದ್ದರೆ ಒಂದು ಕ್ಲಬ್ ಸೋತು, ಉಳಿದ ಎರಡನ್ನು ನಿನ್ನ ತುರುಪಿನಲ್ಲಿ ಕತ್ತರಿಸಿದರೆ ಹನ್ನೆರಡು ಟ್ರಿಕ್. ಎರಡು ಕೈ ಕೂಡಿ 26 ಪಾಯಿಂಟಿಗೆ ಸ್ಲ್ಯಾಮ್! ಈಗ ಡೈಮಂಡ್ ಎಕ್ಕ, ರಾಣಿ ತೆಗೆದು ಅಲ್ಲಿ 8, 7, 2 ಇಡು. ಕ್ಲಬ್ಬಿಗೆ ರಾಜ, ರಾಣಿ, ಗುಲಾಮ ಕೊಡು. ಪಾಯಿಂಟ್ ಅಷ್ಟೇ, 15. ಆದರೆ ಎರಡು ಎಕ್ಕ ಎದುರಾಳಿಗಳ ಕೈಲಿವೆ, ಸ್ಲ್ಯಾಮ್ ಆಗುವುದೇ ಇಲ್ಲ. ನಿನ್ನ ಒಂಟಿ ಕ್ಲಬ್ಬಿನ ಎದುರು ಆ ದೊಡ್ಡೆಲೆಗಳಿಗೆ ಹೆಚ್ಚು ಬೆಲೆ ಇಲ್ಲ. ಇದನ್ನು ಪಾರ್ಟ್ನರ್‌ಗೆ ಒಂದೇ ಕೂಗಿನಲ್ಲಿ ತಿಳಿಸುವುದು ಎಷ್ಟು ಚೆಂದ, ಅಲ್ವಾ? ಅದಕ್ಕೇ ಸ್ಪ್ಲಿಂಟರ್ ಕೇಳಿದ ಮೇಲೆ ಪಾಯಿಂಟ್ ಎಣಿಸುವುದು ಸಾಲದು. ಆ ಪಾಯಿಂಟ್ ಎಲ್ಲಿ ಕೂತಿವೆ ಅಂತ ನೋಡಬೇಕು.

ನಿನ್ನ ಪಟ್ಟಿಯಲ್ಲಿರುವ ಬರ್ಗನ್ ಏರಿಕೆಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ನಾಲ್ಕು ತುರುಪಿದ್ದಾಗ ಮೂರು ಕ್ಲಬ್ ಅಂದರೆ ಕಡಿಮೆ ಬಲ, ಮೂರು ಡೈಮಂಡ್ ಅಂದರೆ 10ರಿಂದ 12, ನೇರ ಮೂರು ಮೇಜರ್ ಅಂದರೆ ತೀರಾ ಬಡಕಲು ಕೈ. ಹಿಂದಿರುವ ಯೋಚನೆ ಒಳ್ಳೆಯದು: ಒಂಬತ್ತು ತುರುಪಿದ್ದರೆ ಒಂಬತ್ತು ಟ್ರಿಕ್ಕಿನ ಹಂತಕ್ಕೆ ಬೇಗ ಹೋಗು, ಎದುರಾಳಿಗಳಿಗೆ ಜಾಗ ಕೊಡಬೇಡ. ಫ್ರಾನ್ಸಿನ ಜಾನ್ ರೆನೆ ವೆರ್ನ್ 1969ರಲ್ಲಿ ಬರೆದ ಒಟ್ಟು ಟ್ರಿಕ್ಕುಗಳ ನಿಯಮವೇ ಇದರ ಬೇರು. ಆದರೆ ಮರೆತರೆ ನಷ್ಟ ದೊಡ್ಡದು. ನಿನ್ನ ಮೂರು ಕ್ಲಬ್ಬನ್ನು ಪಾರ್ಟ್ನರ್ ನಿಜವಾದ ಕ್ಲಬ್ ಅಂತ ತಿಳಿದು ಪಾಸ್ ಮಾಡಿದರೆ ಏನು ಗತಿ? ಉಳಿದದ್ದು ನಾಲಿಗೆ ತುದಿಯಲ್ಲಿ ನಿಂತ ಮೇಲೆ ಇದಕ್ಕೆ ಕೈ ಹಾಕಿ.

ಡ್ರೂರಿ, ಅಂದರೆ ಮೊದಲು ಪಾಸ್ ಮಾಡಿದವರು ಆಮೇಲೆ ಕೂಗುವ ಎರಡು ಕ್ಲಬ್, ಮಾತ್ರ ಈಗಲೇ ಬೇಕು. ನೀನು ಮೊದಲು ಪಾಸ್ ಮಾಡಿದ್ದೀಯ, ಪಾರ್ಟ್ನರ್ ಮೂರನೇ ಸರದಿಯಲ್ಲಿ ಒಂದು ಸ್ಪೇಡ್ ಅಂದಿದ್ದಾನೆ. ಆ ಜಾಗದಲ್ಲಿ ಸ್ವಲ್ಪ ಕಮ್ಮಿ ಬಲಕ್ಕೂ ಕೂಗುವುದುಂಟು. ನೀನು ಮೂರಕ್ಕೆ ಹಾರಿದರೆ ಅವನು ಸಿಕ್ಕಿಬೀಳುತ್ತಾನೆ. ಅದರ ಬದಲು ಎರಡು ಕ್ಲಬ್ ಅಂತ ಕೂಗು: ತುರುಪು ಇದೆ, 10ರ ಆಸುಪಾಸು ಬಲ ಇದೆ, ನಿನ್ನದು ನಿಜವಾದ ಕೈಯಾ ಅಂತ ಕೇಳಿದ ಹಾಗೆ. ಈಚೆಗೆ ಹೆಚ್ಚಿನವರು ಆಡುವ ರೀತಿಯಲ್ಲಿ, ಅವನು ಎರಡು ಸ್ಪೇಡ್ ಅಂದರೆ ಕೈ ಹಗುರ. ಅಲ್ಲೇ ನಿಲ್ಲಿಸು.

ಜೋಡಿಗಳು ಎಡವುವುದು ಹೆಚ್ಚಾಗಿ ಎದುರಾಳಿ ಮಧ್ಯೆ ಬಾಯಿ ಹಾಕಿದಾಗ. ಒಂದು ಸ್ಪೇಡಿನ ಮೇಲೆ ಅವರು ಎರಡು ಕ್ಲಬ್ ಅಂದರೆ ಜಾಕೋಬಿ ಇದೆಯಾ, ಹೋಯಿತಾ? ಡಬಲ್ (ನಿಮ್ಮ ಪಣವನ್ನು ದುಪ್ಪಟ್ಟು ಮಾಡುವ ಕೂಗು) ಮಾಡಿದರೆ? ನಾನು ಹೇಳುವುದು ಇಷ್ಟು. ಅವರು ಬಣ್ಣ ಕೂಗಿದರೆ ಜಾಕೋಬಿ ಇಲ್ಲ. ನೀನು ಅವರದೇ ಬಣ್ಣವನ್ನು ಕೂಗಿದರೆ ತುರುಪೂ ಇದೆ, 10ರ ಮೇಲಿನ ಬಲವೂ ಇದೆ ಅಂತ. ಡಬಲ್ ಆದ ಮೇಲೆ ಎರಡು ನೋ ಟ್ರಂಪ್ ಅಂದರೂ ಅದೇ ಅರ್ಥ, ನಾಲ್ಕು ತುರುಪಿನ ಜೊತೆ. ಇಬ್ಬರೂ ಕೂತು ಇದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ನಿಮ್ಮ ಒಪ್ಪಂದ ಎದುರಾಳಿಗಳಿಗೂ ಗೊತ್ತಿರಬೇಕು. ಪಾರ್ಟ್ನರ್ ಜಾಕೋಬಿ ಕೂಗಿದರೆ ತಡಮಾಡದೆ ಅಲರ್ಟ್ ಮಾಡು, ಅಂದರೆ ಈ ಕೂಗಿಗೆ ವಿಶೇಷ ಅರ್ಥ ಇದೆ ಅಂತ ಎದುರಾಳಿಗಳಿಗೆ ಸೂಚಿಸು. ಕೇಳಿದರೆ ಬರೀ ಹೆಸರು ಹೇಳಬೇಡ, ಅರ್ಥ ಬಿಡಿಸಿ ಹೇಳು.

ಬರೆದ ಹಾಳೆಯ ಒಂದು ಪ್ರತಿ ನನಗೂ ಕಳಿಸು. ಎದುರಾಳಿ ಬಾಯಿ ಹಾಕುವ ಭಾಗವನ್ನು ನಾನೇ ಕೂತು ನೋಡುತ್ತೇನೆ.

ಇಂತಿ,
ನಿನ್ನ ಸೋದರಮಾವ